ಮಾಡೆಲ್ ಸಾ ಮಿಲ್ಲು: ತುಕ್ಕು ಎಲ್ಲಿಂದ ಶುರು ಮಾಡ್ಲಿ?

ಓದುಗರ ಪ್ರಶ್ನೆ, ಮಾಡೆಲ್ ಕಟ್ಟುವವನ ಉತ್ತರ

ಹೋದ ಸಂಚಿಕೆಯಲ್ಲಿ ನನ್ನ ಸಾ ಮಿಲ್ಲಿನ ಫೋಟೊ ಬಂದಿತ್ತಲ್ಲ, ಅದಕ್ಕೆ ಕಾಗದ, ಮೆಸೇಜು ಜಾಸ್ತಿನೇ ಬಂದಿವೆ. ನೋಡದವರಿಗೆ ಒಂದು ಮಾತು. ಅದು ಮಲೆನಾಡಿನ ಹಳೇ ಮರದ ಮಿಲ್ಲಿನ ಮಾಡೆಲ್ಲು, 1:48 ಅಳತೆ, ಅಂದರೆ ನಿಜವಾದದ್ದರ ನಲವತ್ತೆಂಟನೇ ಒಂದು ಪಾಲು. ಜಂಬಿಟ್ಟಿಗೆ ಕಂಬಗಳು, ಅರ್ಧ ಮಾಡಿಗೆ ಮಂಗಳೂರು ಹಂಚು, ಇನ್ನರ್ಧಕ್ಕೆ ಜಿಂಕ್ ಶೀಟು, ಒಳಗೊಂದು ಬ್ಯಾಂಡ್ ಸಾ, ಅಂಗಳದಲ್ಲಿ ದಿಮ್ಮಿಗಳ ರಾಶಿ. ನಮ್ಮಪ್ಪ ತೀರ್ಥಹಳ್ಳಿ ಕಡೆ ಇಂಥದೇ ಒಂದು ಮಿಲ್ಲಿನಲ್ಲಿ ಗರಗಸಕ್ಕೆ ಅರ ಹಾಕುವ ಕೆಲಸ ಮಾಡುತ್ತಿದ್ದರು. ಹಾಗಾಗಿ ಮಿಲ್ಲು ಅಂದರೆ ನನಗೆ ಸ್ವಲ್ಪ ಪಕ್ಷಪಾತ. ಎಲ್ಲ ಪ್ರಶ್ನೆಗೂ ಇಲ್ಲಿ ಜಾಗ ಇಲ್ಲ, ಒಂದೇ ತರದವನ್ನು ಒಟ್ಟು ಸೇರಿಸಿದ್ದೇನೆ.

ಪ್ರಶ್ನೆ: ಸರ್, ನಮ್ಮಣ್ಣ ಅಮೆರಿಕದಿಂದ ಬರುವಾಗ ಸಾ ಮಿಲ್ಲಿನ ಕಿಟ್ ತಂದುಕೊಟ್ಟರು. ಎಚ್‌ಓ ಅಳತೆಯದ್ದು. ಕಟ್ಟಿದೆ, ಚೆನ್ನಾಗೇ ಇದೆ. ಆದರೆ ನಮ್ಮೂರಿನ ಮಿಲ್ಲಿನ ಹಾಗೆ ಒಂಚೂರೂ ಕಾಣಲ್ಲ. ನಮ್ಮೂರಿನದ್ದನ್ನೇ ಕಟ್ಟೋಕೆ ಎಲ್ಲಿಂದ ಶುರು ಮಾಡ್ಲಿ? (ಓದುಗರು, ಕೊಪ್ಪ)

ಉತ್ತರ: ಹೇಗೆ ಕಾಣುತ್ತೆ ಹೇಳಿ? ಆ ಕಿಟ್ಟುಗಳು ಅಲ್ಲಿನ ಮಿಲ್ಲು ನೋಡಿ ಮಾಡಿದವು. ಅಲ್ಲಿ ದಿಮ್ಮಿಗಳನ್ನು ಮಿಲ್ಲಿನ ಪಕ್ಕದ ಕೆರೆಯಲ್ಲಿ ತೇಲಿಬಿಟ್ಟಿರುತ್ತಿದ್ದರು. ನೀರಿನಲ್ಲಿದ್ದರೆ ಮರ ಒಣಗಿ ಸೀಳುವುದಿಲ್ಲ. ತೊಗಟೆಯಲ್ಲಿ ಸಿಕ್ಕಿಕೊಂಡ ಮಣ್ಣು, ಕಲ್ಲು ತೊಳೆದು ಹೋಗುತ್ತದೆ, ಗರಗಸದ ಹಲ್ಲು ಉಳಿಯುತ್ತದೆ. ಕೆರೆಯಿಂದ ಚೈನಿನ ಮೇಲೆ ದಿಮ್ಮಿಯನ್ನು ಮಹಡಿಗೆ ಎಳೆದುಕೊಳ್ಳುತ್ತಾರೆ. ಗರಗಸ ಮಹಡಿಯಲ್ಲಿ, ಶಾಫ್ಟು ಬೆಲ್ಟು ಕೆಳಗೆ, ಪಕ್ಕದಲ್ಲಿ ಬಾಯ್ಲರು. ಹಿಮ ಬೀಳುವ ಊರಾದ್ದರಿಂದ ಸುತ್ತ ಹಲಗೆ ಗೋಡೆ.

ನಮ್ಮಲ್ಲಿ ಗೋಡೆಯೇ ಇಲ್ಲ. ದಿಮ್ಮಿ ಲಾರಿಯಲ್ಲಿ ಬರುತ್ತದೆ, ಹಾರೆ ಹಾಕಿ ಉರುಳಿಸುತ್ತಾರೆ, ನೆಲದ ಮೇಲೇ ಟ್ರಾಲಿ. ಮಿಲ್ಲು ಅಂದರೆ ಕಂಬ, ಮಾಡು, ಗುಂಡಿ. ಕಟ್ಟುವವನಿಗೆ ಇದು ಸುಲಭ ಅಂತ ಕಾಣುತ್ತೆ. ಗೋಡೆ ಇಲ್ಲದ ಕಟ್ಟಡದಲ್ಲಿ ಮುಚ್ಚಿಡೋಕೆ ಜಾಗ ಇಲ್ಲ ಅನ್ನೋದು ಆಮೇಲೆ ಗೊತ್ತಾಗುತ್ತೆ. ಒಳಗಿನ ಪ್ರತಿ ತೊಲೆ, ಪ್ರತಿ ಪಕಾಸು (ಮಾಡಿನ ಇಳಿಜಾರಿನ ಮರ) ಕಾಣುತ್ತದೆ.

ಎಚ್‌ಓ ಅಂದರೆ 1:87. ಅದರಲ್ಲಿ ಆಳು ಎರಡು ಸೆಂಟಿಮೀಟರ್ ಕೂಡ ಇರಲ್ಲ. ರೈಲು ಮಾಡೆಲ್ಲಿನ ಜೊತೆ ಇಡುವುದಾದರೆ ಸರಿ, ಸುಮ್ನೆ ಮಿಲ್ಲು ಒಂದೇ ಕಟ್ಟುವುದಾದರೆ 1:48 ಹಿಡಿಯಿರಿ. ಕಾರಣ ಸರಳ. ಮರದ ವ್ಯವಹಾರ ಇವತ್ತಿಗೂ ಅಡಿ, ಇಂಚಿನಲ್ಲೇ ನಡೆಯುತ್ತದೆ. 1:48ರಲ್ಲಿ ಒಂದು ಅಡಿಗೆ ಕಾಲು ಇಂಚು. ಸ್ಕೂಲ್ ಸ್ಕೇಲಿನ ಇಂಚಿನ ಬದಿಯೇ ಸಾಕು, ಕ್ಯಾಲ್ಕುಲೇಟರ್ ಬೇಡ. ಅರವತ್ತು ಅಡಿ ಉದ್ದ, ಮೂವತ್ತು ಅಡಿ ಅಗಲದ ಶೆಡ್ಡು ಹದಿನೈದು ಇಂಚಿಗೆ ಏಳೂವರೆ ಇಂಚು. ಟೇಬಲ್ಲಿನ ಮೂಲೆಯಲ್ಲಿ ಕೂರುತ್ತದೆ.

ಸಾಮಾನು ಅಕ್ಕಪಕ್ಕದಲ್ಲೇ ಇದೆ. ಪ್ಲೈವುಡ್ ಅಂಗಡಿಯಲ್ಲಿ ವಿನಿಯರ್ ಚೂರುಗಳನ್ನು ಬಿಸಾಕುತ್ತಾರೆ, ಕೇಳಿ ತನ್ನಿ. ದಪ್ಪ ಸುಮಾರು ಅರ್ಧ ಮಿಲಿಮೀಟರ್. 48ರಿಂದ ಗುಣಿಸಿದರೆ 24 ಮಿ.ಮೀ., ಅಂದರೆ ಒಂದಿಂಚಿನ ಹಲಗೆ ರೆಡಿ. ಬೆಂಕಿಕಡ್ಡಿ ಎರಡು ಮಿ.ಮೀ. ಹತ್ತಿರ, ಅದು ನಾಲ್ಕಿಂಚಿನ ಪಕಾಸು. ವಿನಿಯರನ್ನೇ ಒಂದು ಮಿ.ಮೀ. ಅಗಲಕ್ಕೆ ಸೀಳಿದರೆ ಹಂಚು ಕೂರುವ ರೀಪು. ಐಸ್‌ಕ್ರೀಂ ಕಡ್ಡಿಯಲ್ಲಿ ಹಲಗೆ ಮಾಡಲು ಹೋಗಬೇಡಿ. ಅದರ ದಪ್ಪ ಈ ಅಳತೆಯಲ್ಲಿ ನಾಲ್ಕಿಂಚು ಆಗುತ್ತದೆ, ಅಂಥ ಹಲಗೆ ಯಾವ ಮಿಲ್ಲಿನಲ್ಲೂ ಕೊಯ್ಯಲ್ಲ.

ಅಳತೆ ತೆಗೆಯಲು ಮಿಲ್ಲಿಗೆ ಹೋಗಿ. ಮಾಲೀಕರನ್ನು ಕೇಳಿಯೇ ಒಳಗೆ ಹೋಗಿ, ಗರಗಸ ಓಡುವಾಗ ದೂರ ನಿಲ್ಲಿ. ಮಾಡು ಹತ್ತಬೇಕಾಗಿಲ್ಲ. ಒಂದು ಶೀಟಿನ ಅಳತೆ ಕೇಳಿಕೊಂಡರೆ, ಸಾಲಿನಲ್ಲಿ ಎಷ್ಟು ಶೀಟು ಇವೆ ಅಂತ ಎಣಿಸಿದರೆ ಉದ್ದ ಬಂತು. ಪ್ರತಿ ಫೋಟೊದಲ್ಲೂ ಮೂರಡಿಯ ಒಂದು ಕೋಲು ನಿಲ್ಲಿಸಿಡಿ. ಮನೆಗೆ ಬಂದ ಮೇಲೆ ಎಲ್ಲ ಲೆಕ್ಕಕ್ಕೂ ಅದೇ ಆಧಾರ.

ಪ್ರಶ್ನೆ: ಬ್ಯಾಂಡ್ ಸಾ ಮಾಡುವುದು ಹೇಗೆ? ಫೋಟೊಗಳಲ್ಲಿ ಬರೀ ಕಬ್ಬಿಣದ ಡಬ್ಬದ ಹಾಗೆ ಕಾಣುತ್ತದೆ. ಒಳಗೆ ಏನಿದೆ ಅಂತ ತಿಳಿಯದೆ ಏನು ಮಾಡಲಿ? (ಓದುಗರು, ಹಾಸನ)

ಉತ್ತರ: ಒಳಗೆ ಎರಡು ಚಕ್ರ ಇವೆ, ಒಂದರ ಮೇಲೊಂದು. ಕೆಳಗಿನದು ಅರ್ಧ ಗುಂಡಿಯಲ್ಲಿ. ಅದನ್ನು ಮೋಟಾರು ಬೆಲ್ಟಿನಿಂದ ತಿರುಗಿಸುತ್ತದೆ. ಮೇಲಿನದು ಸುಮ್ನೆ ತಿರುಗುತ್ತದೆ. ಅದನ್ನು ಮೇಲಕ್ಕೆತ್ತಿ ಬ್ಲೇಡು ಬಿಗಿಯಾಗಿರುವಂತೆ ನೋಡಿಕೊಳ್ಳಲು ಒಂದು ಸನ್ನೆಗೋಲು, ಅದರ ತುದಿಗೆ ತೂಕದ ಕಲ್ಲು ಅಥವಾ ಕಬ್ಬಿಣ. ಎರಡು ಚಕ್ರಕ್ಕೂ ಸುತ್ತಿಕೊಂಡ ಪಟ್ಟಿಯೇ ಗರಗಸ. ದಿಮ್ಮಿ ಟ್ರಾಲಿಯ ಮೇಲೆ ಕೂತು ಅದರ ಪಕ್ಕ ಹಾದು ಹೋಗುತ್ತದೆ. ಕೊಯ್ಯುವ ಬದಿಯಲ್ಲಿ ಬ್ಲೇಡು ಮೇಲಿಂದ ಕೆಳಕ್ಕೆ ಓಡುತ್ತದೆ, ಆದ್ದರಿಂದ ಹಲ್ಲು ಕೆಳಮುಖ. ಮರದ ಹುಡಿಯೆಲ್ಲ ಹಲ್ಲಿನ ಜೊತೆ ಗುಂಡಿಗೆ ಇಳಿಯುತ್ತದೆ. ಇದೊಂದು ತಿಳಿದಿದ್ದರೆ ಹುಡಿಯ ರಾಶಿ ಎಲ್ಲಿರಬೇಕು ಅಂತ ಯಾರನ್ನೂ ಕೇಳಬೇಕಾಗಿಲ್ಲ.

ನನ್ನ ಮಾಡೆಲ್ಲಿನ ಚಕ್ರ ನಲವತ್ತೆರಡು ಇಂಚಿನದು. 1:48ಕ್ಕೆ ಇಳಿಸಿದರೆ 22 ಮಿ.ಮೀ. 2011ರಲ್ಲಿ ಬಂದ ಒಂದು ರೂಪಾಯಿ ನಾಣ್ಯದ ಅಗಲವೂ ಹೆಚ್ಚುಕಮ್ಮಿ ಅಷ್ಟೇ. ಅದನ್ನು ಮೌಂಟ್ ಬೋರ್ಡಿನ ಮೇಲಿಟ್ಟು ಪೆನ್ಸಿಲಿನಲ್ಲಿ ಸುತ್ತು ಎಳೆದುಕೊಳ್ಳಿ. ನಾಣ್ಯಕ್ಕೇ ತೂತು ಕೊರೆದು ಚಕ್ರ ಮಾಡುವ ಐಡಿಯಾ ಒಬ್ಬರು ಬರೆದಿದ್ದಾರೆ. ಬೇಡ, ನಾಣ್ಯ ಕೆಡಿಸುವುದು ಕಾನೂನಿಗೆ ವಿರುದ್ಧ. ಬ್ಲೇಡಿಗೆ ಕೂಲ್‌ಡ್ರಿಂಕ್ಸ್ ಕ್ಯಾನಿನ ತಗಡು, ಎರಡೂವರೆ ಮಿ.ಮೀ. ಅಗಲದ ಪಟ್ಟಿ. ಹಲ್ಲು ಕತ್ತರಿಸುವ ಸಾಹಸ ಬೇಡ, ಈ ಅಳತೆಯಲ್ಲಿ ಕಾಣಲ್ಲ. ಒಂದು ಅಂಚನ್ನು ಅರದಿಂದ ಓರೆಯಾಗಿ ಉಜ್ಜಿ, ಬೆಳಕಿಗೆ ಮಿಂಚಿದರೆ ಸಾಕು. ಬೆಲ್ಟಿಗೆ ಹತ್ತಿಯ ಲಾಡಿ, ಕಾಫಿ ಡಿಕಾಕ್ಷನ್ನಿನಲ್ಲಿ ಅದ್ದಿದ್ದು.

ಒಂದು ವಿಷಯ ಯಾವ ಕಿಟ್ಟಿನಲ್ಲೂ ಇರಲ್ಲ, ನೀವು ಇಡಿ. ಅರ ಹಾಕುವ ಬೆಂಚು. ಮಿಲ್ಲಿನ ಯಾವುದಾದರೂ ಬೆಳಕಿನ ಮೂಲೆಯಲ್ಲಿ ಇರುತ್ತದೆ. ಬಿಚ್ಚಿದ ಬ್ಲೇಡನ್ನು ಉದ್ದಕ್ಕೆ ಹಿಡಿಸಿ, ಒಂದೊಂದೇ ಹಲ್ಲು ಮಸೆಯುತ್ತಾರೆ. ಸವೆದ ಬ್ಲೇಡುಗಳು ಸುರುಳಿಯಾಗಿ ಕಂಬದ ಮೊಳೆಗೆ ನೇತಾಡುತ್ತವೆ. ಬೆಂಚಿನ ಕೆಳಗೆ ನೆಲ ಕಪ್ಪಗೆ ಹೊಳೆಯುತ್ತದೆ, ಕಬ್ಬಿಣದ ಪುಡಿ ಮತ್ತು ಎಣ್ಣೆ ಸೇರಿ. ಉಳಿದ ಇಡೀ ಮಿಲ್ಲು ಹಳದಿ ಕಂದು. ಆ ಮೂಲೆ ಮಾತ್ರ ಕಪ್ಪು.

ಪ್ರಶ್ನೆ: ಯೂಟ್ಯೂಬಿನಲ್ಲಿ ನೋಡಿ ಇಂಡಿಯನ್ ಇಂಕ್ ತಂದು ಮರಕ್ಕೆಲ್ಲ ಬಳಿದೆ. ಹಳೇ ಮಿಲ್ಲಿನ ಹಾಗೆ ಕಾಣುವ ಬದಲು ಬೆಂಕಿ ಬಿದ್ದ ಮಿಲ್ಲಿನ ಹಾಗೆ ಕಾಣುತ್ತಿದೆ. ಸರಿಮಾಡಬಹುದಾ? (ಓದುಗರು, ಬೆಂಗಳೂರು)

ಉತ್ತರ: ಇಂಕು ಜಾಸ್ತಿಯಾಗಿದೆ, ಅದೊಂದು. ಎಲ್ಲ ಕಡೆ ಒಂದೇ ಸಮ ಬಳಿದಿದ್ದೀರಿ, ಅದು ಇನ್ನೊಂದು. ಮೊದಲನೆಯದು ಸಣ್ಣ ವಿಷಯ. ನೂರು ಎಂ.ಎಲ್. ಐಸೊಪ್ರೊಪೈಲ್ ಆಲ್ಕೊಹಾಲಿಗೆ ಎರಡು ಎಂ.ಎಲ್. ಇಂಕು ಸಾಕು. ಆಲ್ಕೊಹಾಲು ಯಾಕೆಂದರೆ ನೀರು ಹಾಕಿದರೆ ತೆಳು ಮರ ಬಾಗುತ್ತದೆ, ಇದು ಬೇಗ ಆರುತ್ತದೆ. ಕೆಲವು ಇಂಕು ಆಲ್ಕೊಹಾಲಿನಲ್ಲಿ ಗಂಟು ಕಟ್ಟುತ್ತವೆ, ಮೊದಲು ಚಿಕ್ಕ ಬಾಟಲಿಯಲ್ಲಿ ಕಲಸಿ ನೋಡಿ. ಸ್ಯಾನಿಟೈಸರ್ ಜೆಲ್ ಆಗಲ್ಲ. ದೀಪ, ಒಲೆ, ಸಿಗರೇಟು ಹತ್ತಿರ ಇರಬಾರದು.

ಎರಡನೆಯದು ದೊಡ್ಡ ವಿಷಯ. ಮರ ಯಾಕೆ ಬೂದು ಬಣ್ಣಕ್ಕೆ ತಿರುಗುತ್ತೆ? ಮರದ ನಾರನ್ನು ಹಿಡಿದಿಟ್ಟಿರುವ ಲಿಗ್ನಿನ್ ಅನ್ನೋ ವಸ್ತು ಬಿಸಿಲಿನ ನೇರಳಾತೀತ ಕಿರಣಕ್ಕೆ ಮುರಿಯುತ್ತದೆ. ಮಳೆ ಅದನ್ನು ತೊಳೆದುಕೊಂಡು ಹೋಗುತ್ತದೆ. ಮೇಲ್ಮೈಯಲ್ಲಿ ಉಳಿಯುವುದು ಬಿಳಿಚಿದ ನಾರು. ಅದರ ಮೇಲೆ ಬೂಷ್ಟು ಕೂತು ಬೂದು, ಕಪ್ಪು ಕೊಡುತ್ತದೆ. ಅಂದರೆ ಬೂದು ಬಣ್ಣ ಬರಲು ಬಿಸಿಲೂ ಬೇಕು, ಮಳೆಯೂ ಬೇಕು. ಎರಡೂ ತಾಗದ ಕಡೆ ಮರ ಕಂದಾಗಿಯೇ ಇರುತ್ತದೆ.

ಈಗ ನಿಮ್ಮ ಮಿಲ್ಲು ನೋಡಿ. ಮಾಡಿನ ಒಳಗಿನ ತೊಲೆಗೆ ಬಿಸಿಲೆಲ್ಲಿ ಬಂತು? ಅದು ಕಂದು, ಹೊಗೆ ಹಿಡಿದ ಹಾಗೆ ಗಾಢ ಕಂದು. ಬೂದಾಗುವುದು ಸೂರಿನಿಂದ ಹೊರಗೆ ಚಾಚಿದ ಪಕಾಸಿನ ತುದಿ, ಇಳಿಜಾರಿನ ಅಂಚಿನ ಹಲಗೆ, ಅಂಗಳದಲ್ಲಿ ವರ್ಷಗಟ್ಟಲೆ ಬಿದ್ದ ತುಂಡು. ಒಂದೇ ಪಕಾಸಿನಲ್ಲಿ ಎರಡು ಬಣ್ಣ ಇರುತ್ತದೆ, ಗಡಿ ಸರಿಯಾಗಿ ಸೂರಿನ ನೆರಳಿನ ಗೆರೆಯಲ್ಲಿ. ಮರದ ಕಂಬಕ್ಕೆ ಬುಡದಿಂದ ಒಂದೂವರೆ ಅಡಿ ತನಕ ಕೆಂಪು, ಸೂರಿನ ನೀರು ನೆಲಕ್ಕೆ ಬಿದ್ದು ಸಿಡಿದ ಮಣ್ಣು. ಅದು ಹೊರಮುಖಕ್ಕೆ ಮಾತ್ರ. ಆಳುಗಳು ಕೈಯಿಟ್ಟು ಒರಗುವ ಕಂಬದ ಎದೆಮಟ್ಟದ ಭಾಗ ಜಿಡ್ಡಿಗೆ ಹೊಳೆಯುತ್ತದೆ. ಟ್ರಾಲಿ ಕಂಬಿಯ ಪಕ್ಕ ತುಕ್ಕು, ಗಾಲಿ ಉರುಳುವ ನೆತ್ತಿ ಬೆಳ್ಳಿ.

ನಾನು ಒಂದು ನಿಯಮ ಇಟ್ಟುಕೊಂಡಿದ್ದೇನೆ. ಬ್ರಷ್ ಇಡುವ ಮುಂಚೆ ಇಲ್ಲಿಗೆ ಏನು ಬಂತು ಅಂತ ಕೇಳುವುದು. ನೀರಾ, ಬಿಸಿಲಾ, ಕೈಯಾ, ಎಣ್ಣೆಯಾ, ಹುಡಿಯಾ. ಉತ್ತರ ಇಲ್ಲದಿದ್ದರೆ ಬ್ರಷ್ ಕೆಳಗಿಡುತ್ತೇನೆ. ಚೆಂದ ಕಾಣುತ್ತೆ ಅಂತ ಹಾಕಿದ ಕಲೆಯನ್ನು ಮಿಲ್ಲಿನಲ್ಲಿ ದುಡಿದವರು ತಕ್ಷಣ ಹಿಡಿಯುತ್ತಾರೆ.

ಇನ್ನು ನಿಮ್ಮ ಸುಟ್ಟ ಮಿಲ್ಲು. ಅಂಟಿಸಿಬಿಟ್ಟಿದ್ದೀರಿ ಅಂತ ಕಾಣುತ್ತೆ. ಬೂದು ಆಗಬೇಕಾದ ಕಡೆ ತಿಳಿ ಬೂದು ಅಕ್ರಿಲಿಕ್ಕನ್ನು ಒಣ ಬ್ರಷ್ಷಿನಲ್ಲಿ, ಬಣ್ಣ ಬಟ್ಟೆಗೆ ಒರೆಸಿ ಉಳಿದಷ್ಟರಲ್ಲೇ, ನಾರಿನ ದಿಕ್ಕಿನಲ್ಲಿ ಎಳೆಯಿರಿ. ಒಳಗಿನ ಭಾಗಕ್ಕೆ ಕಂದು ಡ್ರೈ ಪ್ಯಾಸ್ಟೆಲ್ ಕೆರೆದು ಪುಡಿ ಮಾಡಿ ಹಚ್ಚಿ. ಪೂರ್ತಿ ಸರಿಯಾಗಲ್ಲ, ಮುಕ್ಕಾಲು ಪಾಲು ಆಗುತ್ತದೆ. ಮುಂದಿನ ಸಲ ಬಣ್ಣ ಮೊದಲು, ಅಂಟು ಆಮೇಲೆ. ಫೆವಿಕಾಲ್ ತಾಗಿದ ಜಾಗ ಬಣ್ಣ ಕುಡಿಯುವುದಿಲ್ಲ, ಬಿಳಿ ಮಚ್ಚೆ ಉಳಿಯುತ್ತದೆ. ಕತ್ತರಿಸುವ ಮುಂಚೆ ತಂತಿ ಬ್ರಷ್ಷಿನಲ್ಲಿ ಉದ್ದಕ್ಕೆ ನಾಲ್ಕು ಸಲ ಎಳೆದರೆ ನಾರು ಎದ್ದು ಬರುತ್ತದೆ. ಎರಡೂ ಮುಖಕ್ಕೆ ಬಳಿಯಿರಿ, ಒಂದೇ ಮುಖಕ್ಕಾದರೆ ಹಲಗೆ ದೋಣಿಯಾಗುತ್ತದೆ.

ಪ್ರಶ್ನೆ: ವಿನೆಗರಿನಲ್ಲಿ ಸ್ಟೀಲ್ ಸ್ಕ್ರಬ್ಬರ್ ನೆನೆಸಿ ಬಳಿದರೆ ಮರ ಹಳೇದಾಗುತ್ತದೆ ಅಂತ ಓದಿದ್ದೆ. ನೆನೆಸಿಟ್ಟಿದ್ದೇನೆ, ಏನೂ ಆಗಿಲ್ಲ. ನಮ್ಮದು ಅಡಿಕೆ ತೋಟ, ಬೇರೆ ಏನಾದರೂ ಸ್ಥಳೀಯ ಉಪಾಯ ಇದೆಯಾ? (ಓದುಗರು, ಸಾಗರ)

ಉತ್ತರ: ಪಾತ್ರೆ ಉಜ್ಜುವ ಸ್ಕ್ರಬ್ಬರು ತುಕ್ಕು ಹಿಡಿಯದ ಸ್ಟೀಲಿನದು, ಅದು ವಿನೆಗರಿಗೆ ಜಗ್ಗುವುದಿಲ್ಲ. ಸಾದಾ ಕಬ್ಬಿಣ ಬೇಕು. ಸೆಂಟ್ರಿಂಗ್‌ನವರು ಕಂಬಿ ಕಟ್ಟುವ ಬೈಂಡಿಂಗ್ ವೈರನ್ನು ಚೂರು ಮಾಡಿ ಹಾಕಿ. ಮುಚ್ಚಳ ಬಿಗಿ ಮಾಡಬೇಡಿ, ಗ್ಯಾಸ್ ಬರುತ್ತದೆ. ನೀರು ತಿಳಿ ಕಂದಾದ ಮೇಲೆ ಸೋಸಿ.

ಆದರೆ ಇದು ಒಂಟಿಯಾಗಿ ಕೆಲಸ ಮಾಡುವುದಿಲ್ಲ. ವಿನೆಗರಿನಲ್ಲಿ ಕರಗಿದ ಕಬ್ಬಿಣ ಮರದೊಳಗಿನ ಟ್ಯಾನಿನ್ ಜೊತೆ ಸೇರಿದಾಗಲೇ ಬೂದು ಕಪ್ಪು ಬಣ್ಣ ಬರುವುದು. ಬಾಲ್ಸಾದಂಥ ಬಿಳಿ ಮರದಲ್ಲಿ ಟ್ಯಾನಿನ್ ಕಡಿಮೆ. ಅದಕ್ಕೇ ಮೊದಲು ಟೀ ಡಿಕಾಕ್ಷನ್ ಬಳಿಯಿರಿ ಅನ್ನುತ್ತಾರೆ. ಅಡಿಕೆ ತೋಟದವರಿಗೆ ಟೀ ಯಾಕೆ? ನಿಮ್ಮನೆ ಅಡಿಕೆ ಬೇಯಿಸಿದ ಚೊಗರು ಇದೆಯಲ್ಲ. ಟ್ಯಾನಿನ್ ಅಂದರೆ ಅದೇ. ಒಂದು ಚಮಚ ಚೊಗರಿಗೆ ಅರ್ಧ ಲೋಟ ನೀರು ಹಾಕಿ ಬಳಿದು, ಪೂರ್ತಿ ಒಣಗಿಸಿ, ಮೇಲೆ ಕಬ್ಬಿಣದ ವಿನೆಗರು ಒಂದೇ ಕೋಟು. ಮೊದಲ ನಿಮಿಷದಲ್ಲಿ ಏನೂ ಕಾಣಲ್ಲ. ಆಮೇಲೆ ಅಂಚಿನಿಂದ ಬಣ್ಣ ಏರುತ್ತದೆ, ನಾರಿನ ಸಂದಿನಲ್ಲಿ ಕಪ್ಪು, ದಿಬ್ಬದಲ್ಲಿ ಬೂದು. ಬ್ರಷ್ಷಿನಲ್ಲಿ ಬಳಿದ ಯಾವ ಬಣ್ಣವೂ ಹೀಗೆ ಕೂರುವುದಿಲ್ಲ. ಚೊಗರು ಗಟ್ಟಿಯಾದರೆ ಇದ್ದಿಲಿನಷ್ಟು ಕಪ್ಪಾಗುತ್ತದೆ, ತೆಳುವಾಗಿ ಶುರು ಮಾಡಿ. ಕೈಗೆ ಗ್ಲೌಸ್ ಹಾಕಿಕೊಳ್ಳಿ. ಅಡಿಕೆ ಸುಲಿದವರಿಗೆ ಇದನ್ನು ಹೇಳಬೇಕಾಗಿಲ್ಲ ಬಿಡಿ.

ಪ್ರಶ್ನೆ: ನಿಮ್ಮ ಜಿಂಕ್ ಶೀಟು ನಿಜವಾದ ತಗಡಿನ ಹಾಗೇ ಇದೆ. ಯಾವುದರಲ್ಲಿ ಮಾಡಿದ್ರಿ? ತುಕ್ಕಿಗೆ ಯಾವ ಬಣ್ಣ? (ಇದೇ ಪ್ರಶ್ನೆ ಶಿರಸಿ, ಮಡಿಕೇರಿ, ಮೈಸೂರಿನಿಂದಲೂ)

ಉತ್ತರ: ಹೋಟೆಲಿನವರು ಪಾರ್ಸೆಲ್ ಕೊಡುವ ಅಲ್ಯೂಮಿನಿಯಂ ಡಬ್ಬಿಯ ತಳ. ಅಡುಗೆಮನೆಯ ಫಾಯಿಲ್ ತೀರಾ ತೆಳು. ಡಬ್ಬಿಯನ್ನು ತೊಳೆದು, ಚಮಚದ ಬೆನ್ನಿನಿಂದ ಉಜ್ಜಿ ಸಪಾಟು ಮಾಡಿ. ನಿಜವಾದ ಶೀಟಿನಲ್ಲಿ ಅಲೆಯಿಂದ ಅಲೆಗೆ ಸುಮಾರು ಮೂರು ಇಂಚು. ನಮ್ಮ ಅಳತೆಯಲ್ಲಿ ಒಂದೂವರೆ ಮಿ.ಮೀ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಹತ್ತು ಎಂ.ಎಂ. ಥ್ರೆಡ್ ರಾಡಿನ ಮರೆಯಿಂದ (ಥ್ರೆಡ್ಡಿನ ಏಣಿನಿಂದ) ಮರೆಗೂ ಒಂದೂವರೆ ಮಿ.ಮೀ.ನೇ! ಹಳೇ ಮೌಸ್ ಪ್ಯಾಡಿನ ಮೇಲೆ ತಗಡಿಟ್ಟು, ರಾಡನ್ನು ಒತ್ತಿ ಒಂದೇ ಸಲ ಉರುಳಿಸಿ. ಗೆರೆ ತುಸು ಓರೆಯಾಗಿ ಬರುತ್ತದೆ, ಯಾಕೆಂದರೆ ರಾಡಿನ ಮರೆಯೇ ಓರೆ. ಶೀಟು ಕತ್ತರಿಸುವಾಗ ಗೆರೆಗೆ ಸರಿಯಾಗಿ ಕತ್ತರಿಸಿ. ಎಂಟು ಅಡಿ ಶೀಟು ಎರಡು ಇಂಚು ಉದ್ದ ಬರುತ್ತದೆ. ಒಂದೊಂದೇ ಶೀಟು ಬಿಡಿಬಿಡಿಯಾಗಿ ಮಾಡಿ, ಕೆಳಗಿನಿಂದ ಮೇಲಕ್ಕೆ ಹೊದಿಸಿ. ಇಡೀ ಮಾಡಿಗೆ ಒಂದೇ ಹಾಳೆ ಹಾಕಿದರೆ ಎಷ್ಟು ಬಣ್ಣ ಬಳಿದರೂ ಆಟಿಕೆಯೇ.

ವಿದೇಶದಲ್ಲಿ ಕೆಲವರು ಈ ತಗಡನ್ನು ಫೆರಿಕ್ ಕ್ಲೋರೈಡಿನಲ್ಲಿ ಮುಳುಗಿಸಿ ತೂತು ಬೀಳಿಸುತ್ತಾರೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸರ್ಕ್ಯೂಟ್ ಬೋರ್ಡ್ ಮಾಡುವವರಿಗೆ ಸಿಗುವ ಅದೇ ಪುಡಿ. ಅಲ್ಯೂಮಿನಿಯಂ ತಾಗಿದರೆ ಕುದಿಯುತ್ತದೆ, ಹೊಗೆ ಏಳುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಆ ದಾರಿ ಹಿಡಿಯಬೇಡಿ, ಅದಿಲ್ಲದೆಯೂ ಆಗುತ್ತದೆ.

ತುಕ್ಕಿಗೆ ಬಣ್ಣಕ್ಕಿಂತ ಜಾಗ ಮುಖ್ಯ. ಶೀಟಿನ ಮೇಲೆ ಸತುವಿನ ಲೇಪ ಇರುತ್ತದೆ. ಅದು ಮೊದಲು ಹೊಳಪು ಕಳೆದುಕೊಂಡು ಮಂಕು ಬೂದಾಗುತ್ತದೆ. ಮೊದಲ ಕೋಟು ಅದೇ ಮಂಕು ಬೂದು, ಇಡೀ ಮಾಡಿಗೆ. ಲೇಪ ಹೋದ ಕಡೆ ಮಾತ್ರ ತುಕ್ಕು. ಎಲ್ಲಿ ಹೋಗುತ್ತದೆ? ಒಂದರ ಮೇಲೊಂದು ಶೀಟು ಕೂತ ಗೆರೆಯಲ್ಲಿ, ಅಲ್ಲಿ ನೀರು ಸಿಕ್ಕಿಕೊಂಡು ಬೇಗ ಆರುವುದಿಲ್ಲ. ಕತ್ತರಿಸಿದ ಅಂಚಿನಲ್ಲಿ. ಬೋಲ್ಟಿನ ತೂತಿನಲ್ಲಿ. ಬೋಲ್ಟು ಹೊಡೆಯುವುದು ಅಲೆಯ ನೆತ್ತಿಗೆ, ತಗ್ಗಿನಲ್ಲಿ ಹೊಡೆದರೆ ಸೋರುತ್ತದೆ. ಆದರೆ ತುಕ್ಕಿನ ನೀರು ನೆತ್ತಿಯಲ್ಲಿ ನಿಲ್ಲಲ್ಲ, ಪಕ್ಕದ ತಗ್ಗಿಗೆ ಇಳಿದು ಅಲ್ಲಿಂದ ಕೆಳಗೆ ಓಡುತ್ತದೆ. ಆದ್ದರಿಂದ ಚುಕ್ಕೆ ನೆತ್ತಿಯಲ್ಲಿ, ಗೆರೆ ತಗ್ಗಿನಲ್ಲಿ. ತುಂಬ ಒಳ್ಳೆಯ ಮಾಡೆಲ್ಲುಗಳಲ್ಲೂ ಗೆರೆ ನೆತ್ತಿಯ ಮೇಲೇ ಓಡುವುದನ್ನು ನೋಡುತ್ತೇನೆ. ನೀರು ಹಾಗೆ ಹರಿಯಲ್ಲ ಸ್ವಾಮಿ.

ಬಣ್ಣ ಕೇಳಿದ್ದಿರಿ. ಹಳೇ ತುಕ್ಕಿಗೆ ಗಾಢ ಕಂದು, ಹೊಸದಕ್ಕೆ ಕಿತ್ತಳೆ, ಹೊಸದು ಯಾವಾಗಲೂ ಅಂಚಿನಲ್ಲಿ, ಕಡಿಮೆ. ನಾನು ಕೆಮ್ಮಣ್ಣನ್ನು ಬಟ್ಟೆಯಲ್ಲಿ ಸೋಸಿ ಬಳಸುತ್ತೇನೆ. ನಮ್ಮ ಕಡೆ ಹಸೆ ಚಿತ್ತಾರ ಬರೆಯುವವರು ಗೋಡೆಗೆ ಹಚ್ಚುತ್ತಾರಲ್ಲ, ಅದೇ ಮಣ್ಣು. ಪೇಟೆಯವರು ಇಟ್ಟಿಗೆ ಪುಡಿ ಬಳಸಬಹುದು.

ಹಂಚಿನ ಬದಿಯ ಬಗ್ಗೆ ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದಾಗಿನಿಂದ ಈ ಹಂಚು ನಮ್ಮ ಮಳೆ ತಡೆದುಕೊಂಡು ಬಂದಿದೆ. ಹಳೇ ಹಂಚು ಪಾಚಿ ಹಿಡಿದು ಕಪ್ಪು. ನಡುವೆ ಅಲ್ಲಲ್ಲಿ ಹೊಸ ಕೆಂಪು ಹಂಚು ಇರಬೇಕು. ಎಲ್ಲಿ ಅಂದರೆ, ಹಲಸಿನ ಕೊಂಬೆ ಚಾಚಿದ ಕಡೆ. ಮಂಗ ಹಾರುವುದು ಅಲ್ಲಿಗೆ. ಜಿಂಕ್ ಶೀಟಿನ ನೀರು ಹಂಚಿನ ಮೇಲೆ ಇಳಿಯುವ ಕಡೆ ಪಾಚಿ ಕಡಿಮೆ ಹಾಕಿ, ಸತು ಕರಗಿದ ನೀರು ಪಾಚಿಗೆ ಆಗಿಬರುವುದಿಲ್ಲ.

ಪ್ರಶ್ನೆ: ನಮ್ಮದು ದಾವಣಗೆರೆ. ನಿಮ್ಮ ಮಾಡೆಲ್ಲಿನ ಪಾಚಿ ನೋಡಿ ನಾನೂ ಹಸಿರು ಹಾಕಿದೆ. ಸ್ನೇಹಿತರು ನಗುತ್ತಿದ್ದಾರೆ.

ಉತ್ತರ: ನಗಲಿ ಬಿಡಿ, ಅವರು ಹೇಳುವುದು ಸರಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ. ನಿಮ್ಮಲ್ಲಿ ಅದರ ಹತ್ತನೇ ಒಂದು ಪಾಲಿನಷ್ಟು. ಹಸಿರು ಒರೆಸಿ, ಧೂಳು ಹಾಕಿ.

ಪ್ರಶ್ನೆ: ಅಂಕಲ್, ನಾನು ಒಂಬತ್ತನೇ ಕ್ಲಾಸು. ಬಡಗಿ ಮಾಮನ ಹತ್ತಿರ ಮರದ ಹುಡಿ ತಂದು ಹಾಕಿದೆ. ಅದು ಕಲ್ಲಿನ ರಾಶಿ ತರ ಕಾಣುತ್ತೆ. ಯಾಕೆ? (ಚಿಕ್ಕಮಗಳೂರಿನಿಂದ)

ಉತ್ತರ: ಲೆಕ್ಕ ಮಾಡು ಪುಟ್ಟ. ಒಂದು ಮಿ.ಮೀ. ಹುಡಿಯನ್ನು 48ರಿಂದ ಗುಣಿಸು. ಸುಮಾರು ಎರಡು ಇಂಚು! ನಿನ್ನ ಪುಟ್ಟ ಆಳಿನ ಕಣ್ಣಿಗೆ ಅದು ಜಲ್ಲಿಯೇ. ಬಡಗಿ ಮಾಮನ ಹತ್ತಿರ ಗರಗಸದ ಹುಡಿ ಬೇಡ, ಪಾಲಿಶ್ ಪೇಪರಿನಲ್ಲಿ ಉಜ್ಜಿದ ಹುಡಿ ಕೇಳು. ಅದನ್ನೂ ಅಮ್ಮನ ಹಳೇ ಹತ್ತಿ ಸೀರೆಯ ತುಂಡಿನಲ್ಲಿ ಸೋಸು. ತೇಗದ್ದು ಕಂದು, ಹಲಸಿನದು ಹಳದಿ, ಬೇರೆ ಬೇರೆ ಇಡು. ರಾಶಿಯ ಮೇಲ್ಭಾಗ ಮಳೆಗೆ ನೆನೆದು ಕಪ್ಪಾಗಿರುತ್ತದೆ, ನಿನ್ನೆ ಇವತ್ತಿನ ಹುಡಿ ಬಿದ್ದ ಕಡೆ ಮಾತ್ರ ಹೊಸ ಬಣ್ಣ. ಹಾಕುವ ಮುಂಚೆ ಚೆನ್ನಾಗಿ ಬಿಸಿಲಿಗೆ ಒಣಗಿಸು, ಇಲ್ಲದಿದ್ದರೆ ಮಳೆಗಾಲದಲ್ಲಿ ಬೂಷ್ಟು ಬರುತ್ತೆ. ಅಂಟಿಸೋಕೆ ಫೆವಿಕಾಲಿಗೆ ಮೂರು ಪಾಲು ನೀರು, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ಆ ಹನಿ ಹಾಕದಿದ್ದರೆ ಅಂಟು ಹುಡಿಯ ಮೇಲೆ ಉಂಡೆಯಾಗಿ ಉರುಳುತ್ತದೆ, ಒಳಗೆ ಇಳಿಯಲ್ಲ. ಡ್ರಾಪರಿನಲ್ಲಿ ಪಕ್ಕದಿಂದ ಬಿಡು.

ಉಳಿದ ನುಣುಪು ಹುಡಿಯನ್ನು ಒಣಗಿದ್ದಂತೇ ತೊಲೆಗಳ ಮೇಲ್ಭಾಗಕ್ಕೆ ಉದುರಿಸಿ, ಮೆಲ್ಲಗೆ ಊದು. ಮಲಗಿದ್ದರ ಮೇಲೆ ಕೂರುತ್ತೆ, ನಿಂತಿದ್ದರ ಮೇಲೆ ಕೂರಲ್ಲ. ಮಿಲ್ಲಿನಲ್ಲೂ ಹಾಗೇ.

ಪ್ರಶ್ನೆ: ಕಾಡು ಕಡಿಯುವ ಮಿಲ್ಲನ್ನು ಚೆಂದ ಮಾಡಿ ತೋರಿಸುವುದು ಸರಿಯೇ? ಮಕ್ಕಳಿಗೆ ಏನು ಸಂದೇಶ? (ಓದುಗರು, ಧಾರವಾಡ)

ಉತ್ತರ: ಸಂದೇಶ ಕೊಡಲು ಕಟ್ಟಿಲ್ಲ. ಆದರೂ ಕೇಳಿದ್ದೀರಿ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ತಿರುಮುಲ್ಪಾಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಆದೇಶ ಕೊಟ್ಟಿತು. ಕೇಂದ್ರದ ಅನುಮತಿ ಇಲ್ಲದೆ ಕಾಡಿನೊಳಗೆ ಸಾ ಮಿಲ್ಲು ನಡೆಸುವ ಹಾಗಿಲ್ಲ ಅಂತ. ಒಳ್ಳೆಯ ಆದೇಶ. ಮಿಲ್ಲಿನ ಕೂಲಿಯಲ್ಲಿ ಓದಿದವನಾಗಿಯೇ ಈ ಮಾತು ಹೇಳುತ್ತಿದ್ದೇನೆ. ಈಗ ಊರಿನ ಮಿಲ್ಲುಗಳಿಗೆ ಬರುವುದು ಹೆಚ್ಚಾಗಿ ತೋಟದ ಸಿಲ್ವರ್ ಓಕು, ಅಕೇಶಿಯ, ಮನೆ ಹಿತ್ತಲಿನ ಹಲಸು. ಹಳೇ ಮಿಲ್ಲಿನ ಜಾಗದಲ್ಲಿ ಕಲ್ಯಾಣ ಮಂಟಪಗಳು ಎದ್ದಿವೆ. ಅಲ್ಲಿ ದುಡಿದವರ ಕೆಲಸ ಹೇಗಿತ್ತು ಅಂತ ಯಾರೂ ಬರೆದಿಡಲಿಲ್ಲ. ನನಗೆ ಬರೆಯೋಕಿಂತ ಕಟ್ಟೋಕೆ ಬರುತ್ತೆ.

ಪ್ರಶ್ನೆ: ಈ ಹಳೇದು ಮಾಡುವ ಹುಚ್ಚು ಶುರುವಾಗಿದ್ದು ಎಲ್ಲಿ?

ಉತ್ತರ: ರೈಲು ಮಾಡೆಲ್ಲಿನವರಲ್ಲಿ ಇದನ್ನು ಜನಪ್ರಿಯ ಮಾಡಿದವರಲ್ಲಿ ಮುಖ್ಯ ಹೆಸರು ಕ್ಯಾಲಿಫೋರ್ನಿಯದ ಮಾಂಟೆರೆಯ ಜಾನ್ ಅಲೆನ್. ಎಂಜಿನ್ನು ಫಳಫಳ ಹೊಳೆಯಬೇಕು ಅಂತ ಎಲ್ಲರೂ ಅನ್ನುತ್ತಿದ್ದ ಕಾಲದಲ್ಲಿ ಅವರು ಮಸಿ, ತುಕ್ಕು ಹಚ್ಚಿದರು. 1973ರ ಜನವರಿಯಲ್ಲಿ ತೀರಿಕೊಂಡರು. ಕೆಲವೇ ದಿನಕ್ಕೆ ಅವರ ಮನೆಗೆ ಬೆಂಕಿ ಬಿದ್ದು ಇಡೀ ರೈಲು ಲೇಔಟ್ ಹೋಯಿತು. ಫೋಟೊಗಳು ಉಳಿದಿವೆ, ನೋಡಿ.

ಪ್ರಶ್ನೆ: ದಿಮ್ಮಿಗೆ ಯಾವ ಗಿಡದ ಕಡ್ಡಿ? ದಿಮ್ಮಿಯ ತುದಿಯಲ್ಲಿ ಬರೆದಿರುವ ನಂಬರು ಏನು? ನಿಜವಾದ ನಂಬರಾ, ಸುಮ್ನೆ ಗೀಚಿದ್ದಾ? (ಓದುಗರು, ಸೋಮವಾರಪೇಟೆ)

ಉತ್ತರ: ಇಷ್ಟು ಹತ್ತಿರದಿಂದ ನೋಡಿದ್ದಕ್ಕೆ ಖುಷಿಯಾಯಿತು. ಸುಮ್ನೆ ಗೀಚಿದ್ದಲ್ಲ. ಐದಡಿ ಸುತ್ತಳತೆಯ ದಿಮ್ಮಿ ನಮ್ಮ ಅಳತೆಯಲ್ಲಿ ಒಂದು ಸೆಂಟಿಮೀಟರ್ ದಪ್ಪ. ತೊಗಟೆಯ ಬಿರುಕು ಚಿಕ್ಕದಿರಬೇಕು. ನಿಮ್ಮಲ್ಲಿ ಕಾಫಿ ಗಿಡ ಕಸಿ ಮಾಡಿದಾಗ, ಅಂದರೆ ಕೊಂಬೆ ಸವರಿದಾಗ, ಬೀಳುವ ಕಡ್ಡಿ ಹೇಳಿ ಮಾಡಿಸಿದ ಹಾಗಿದೆ. ತೊಗಟೆ ತೆಗೆದ ನೀಲಗಿರಿ ಬೇಕಿದ್ದರೆ ಪೇರಲೆ ಕಡ್ಡಿ. ಕಡ್ಡಿಯನ್ನು ನೆರಳಿನಲ್ಲಿ ಒಣಗಿಸಿ, ಬಿಸಿಲಿಗೆ ಹಾಕಿದರೆ ತೊಗಟೆ ಬಿಟ್ಟುಕೊಳ್ಳುತ್ತದೆ. ತುದಿಯನ್ನು ಸಣ್ಣ ಹಲ್ಲಿನ ಗರಗಸದಲ್ಲೇ ಕತ್ತರಿಸಿ, ಕತ್ತರಿ ಬೇಡ, ಮರ ಅಮುಕಿಕೊಳ್ಳುತ್ತದೆ. ಹಳೇ ದಿಮ್ಮಿಯ ತುದಿಗೆ ತಿರುಳಿನಿಂದ ಹೊರಕ್ಕೆ ಸೀಳು ಇರುತ್ತದೆ, ಬ್ಲೇಡಿನ ಮೊನೆಯಿಂದ ಎರಡು ಮೂರು ಗೀರಿ ಬೂದು ಹಚ್ಚಿ. ಇವತ್ತು ಕೊಯ್ದದ್ದಾದರೆ ತುದಿ ಹಸಿ ಬಣ್ಣ.

ನಂಬರಿನಲ್ಲಿ ಮೇಲಿನದು ದಿಮ್ಮಿಯ ಕ್ರಮ ಸಂಖ್ಯೆ, ಕೆಳಗೆ ಉದ್ದ, ಸುತ್ತಳತೆ. ವ್ಯಾಪಾರದವರು ಇದರಿಂದ ಸಿಎಫ್‌ಟಿ, ಅಂದರೆ ಘನ ಅಡಿ, ತೆಗೆಯುವ ಲೆಕ್ಕ ಹೀಗೆ. ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸುವುದು. ಐದಡಿ ಸುತ್ತು, ಹತ್ತಡಿ ಉದ್ದ ಆದರೆ ಒಂದೂಕಾಲು ಗುಣಿಸು ಒಂದೂಕಾಲು ಗುಣಿಸು ಹತ್ತು, ಹದಿನೈದೂವರೆ ಸಿಎಫ್‌ಟಿ ಚಿಲ್ಲರೆ. ನಿಜವಾದ ಉರುಟು ಮರದಲ್ಲಿ ಇದಕ್ಕಿಂತ ಜಾಸ್ತಿ ಇರುತ್ತದೆ. ಕೊಯ್ಯುವಾಗ ಹೊರಪಟ್ಟಿಯೂ ಹುಡಿಯೂ ಹೋಗುತ್ತದಲ್ಲ, ಅದನ್ನು ಮೊದಲೇ ಬಿಟ್ಟ ಲೆಕ್ಕ ಇದು. ನಿಮ್ಮ ಪ್ರತಿ ಕಡ್ಡಿಗೂ ನೂಲು ಸುತ್ತಿ ಅಳೆದು, 48ರಿಂದ ಗುಣಿಸಿ, ಅಡಿ ಮಾಡಿ, ಆ ಅಂಕಿಯನ್ನೇ 0.05 ನಂಬರಿನ ತೀರಾ ತೆಳು ಮೊನೆಯ ಪೆನ್ನಿನಲ್ಲಿ ಬರೆಯಿರಿ. ಅರಣ್ಯ ಇಲಾಖೆಯ ಡಿಪೋದಿಂದ ಬಂದ ದಿಮ್ಮಿಯಾದರೆ ಸುತ್ತಿಗೆಯಿಂದ ಒತ್ತಿದ ಗುರುತೂ ಬೇಕು. ಖಾಲಿ ರೀಫಿಲ್ಲಿನ ತುದಿಯನ್ನು ಮರಕ್ಕೆ ಒತ್ತಿ ಒಂದು ಸುತ್ತು ತಿರುಗಿಸಿ. ಪೆನ್ನಿನ ಮಸಿ ಪೂರ್ತಿ ಆರಿದ ಮೇಲೆ ಮ್ಯಾಟ್ ವಾರ್ನಿಷ್, ಸ್ಪ್ರೇ ಮಾತ್ರ. ಬ್ರಷ್ಷಿನಲ್ಲಿ ಹಚ್ಚಿದರೆ ಅಂಕಿ ಅಳಿಸುತ್ತದೆ.